ಕೊಡುವ ದೇವರು, ಹಂಚಿಕೊಳ್ಳುವ ಮಕ್ಕಳು: ಕ್ರೈಸ್ತ ಔದಾರ್ಯದ ಒಂದು ಪರಿಚಯ

ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಯ ಚೀಲ ನಮ್ಮ ಮುಂದೆ ಬರುತ್ತದೆ. ತಪಸ್ಸುಕಾಲದಲ್ಲಿ ಬಡವರಿಗಾಗಿ ಲಕೋಟೆ, ವಾರ್ಷಿಕ ಹಬ್ಬಕ್ಕೆ ವಂತಿಗೆ, ದೇವಾಲಯದ ದುರಸ್ತಿಗೆ ದೇಣಿಗೆ ಎಂದು ನಾವು ವರ್ಷವಿಡೀ ಕೊಡುತ್ತಲೇ ಇರುತ್ತೇವೆ. ಕರಾವಳಿಯ ಕಥೋಲಿಕರು ಕೈ ಬಿಗಿ ಹಿಡಿಯುವವರು ಎಂದು ಯಾರೂ ಹೇಳಲಾರರು. ಆದರೂ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಒಳ್ಳೆಯದು. ನಾವು ಕೊಡುವ ರೀತಿಯಲ್ಲಿ ದೇವರ ಔದಾರ್ಯ ಕಾಣುತ್ತದೆಯೇ? ನಮ್ಮಿಂದ ಪಡೆದುಕೊಂಡವರು ತಲೆ ಎತ್ತಿ ಮನೆಗೆ ಹೋಗುತ್ತಾರೆಯೇ, ತಲೆ ತಗ್ಗಿಸಿ ಹೋಗುತ್ತಾರೆಯೇ?

ಈ ಲೇಖನದಲ್ಲಿ ಪವಿತ್ರ ಗ್ರಂಥ, ಧರ್ಮಸಭೆಯ ಪರಂಪರೆ ಮತ್ತು ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತವೆ ಎಂಬುದನ್ನು ಒಂದೆಡೆ ತಂದಿದ್ದೇವೆ. ವಾಳೆಯ ಸಭೆಗಳಲ್ಲಿ, ಪಾಲನಾ ಮಂಡಳಿಯ ಚರ್ಚೆಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ಇದು ಉಪಯೋಗಕ್ಕೆ ಬಂದೀತೆಂಬ ಆಶಯ ನಮ್ಮದು.

ಅಳತೆ ಮೀರಿ ಕೊಡುವ ದೇವರು

ಕಾನಾ ಊರಿನ ಮದುವೆಯನ್ನು ನೆನಪಿಸಿಕೊಳ್ಳೋಣ (ಯೊವಾನ್ನ 2). ಅಲ್ಲಿ ಆರು ಕಲ್ಲಿನ ಬಾನೆಗಳಿದ್ದವು. ಶುಭಸಂದೇಶಕಾರರು ಕೊಟ್ಟಿರುವ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಅವುಗಳಲ್ಲಿ ಒಟ್ಟು ಸುಮಾರು 450ರಿಂದ 700 ಲೀಟರ್ ನೀರು ಹಿಡಿಸುತ್ತಿತ್ತು. ಒಂದು ಹಳ್ಳಿಯ ಮದುವೆಗೆ, ಅದೂ ಊಟ ಅರ್ಧ ಮುಗಿದ ಮೇಲೆ, ಇಷ್ಟು ದ್ರಾಕ್ಷಾರಸ ಬೇಕಿರಲಿಲ್ಲ. ಐದು ರೊಟ್ಟಿಗಳನ್ನು ಹಂಚಿದಾಗ ಎಲ್ಲರೂ ತೃಪ್ತರಾದ ಮೇಲೂ ಹನ್ನೆರಡು ಬುಟ್ಟಿ ಉಳಿಯಿತು. ಗೆನೆಸರೇತ್ ಸರೋವರದಲ್ಲಿ ಪೇತ್ರರ ಬಲೆ ಹರಿಯುವಷ್ಟು ಮೀನು ಬಿತ್ತು (ಲೂಕ 5). ಸಮುದ್ರ ನಂಬಿ ಬದುಕುವ ನಮಗೆ ಈ ಘಟನೆಯ ಒಂದು ವಿವರ ಚೆನ್ನಾಗಿ ಅರ್ಥವಾಗಬೇಕು. ಆ ಮೀನು ಒಂದು ದೋಣಿಗೆ ಹಿಡಿಸಲಿಲ್ಲ. ಪೇತ್ರರು ಇನ್ನೊಂದು ದೋಣಿಯಲ್ಲಿದ್ದ ಜೊತೆಗಾರರನ್ನು ಕೈಸನ್ನೆ ಮಾಡಿ ಕರೆಯಲೇಬೇಕಾಯಿತು. ಎರಡೂ ದೋಣಿಗಳು ತುಂಬಿದವು. ದೇವರು ಒಬ್ಬನಿಗೆ ಕೊಡುವಾಗ ಪಕ್ಕದ ದೋಣಿಯವನ ಪಾಲನ್ನೂ ಸೇರಿಸಿಯೇ ಕೊಡುತ್ತಾರೆ.

ಈ ಔದಾರ್ಯಕ್ಕೆ ಇನ್ನೊಂದು ಗುಣವಿದೆ. ಅದು ಅರ್ಹತೆಯ ಪಟ್ಟಿ ನೋಡುವುದಿಲ್ಲ. ಒಳ್ಳೆಯವರ ಗದ್ದೆಗೂ ಕೆಟ್ಟವರ ಗದ್ದೆಗೂ ಒಂದೇ ಸೂರ್ಯ, ಒಂದೇ ಮಳೆ ಎಂದು ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ತೋರಿಸಿಕೊಟ್ಟರು (ಮತ್ತಾಯ 5:45). ಕೊನೆಗೆ ಶಿಲುಬೆಯ ಮೇಲೆ ಅವರು ತಮ್ಮನ್ನೇ ಕೊಟ್ಟರು. ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ದಾನದ ವಿಷಯ ಬರೆಯುವಾಗ ಈ ರಹಸ್ಯವನ್ನೇ ನೆನಪಿಸುತ್ತಾರೆ. ಐಶ್ವರ್ಯವಂತರಾಗಿದ್ದ ಕ್ರಿಸ್ತರು ನಮಗಾಗಿ ಬಡವರಾದರು; ಅವರ ಬಡತನವೇ ನಮ್ಮ ಸಂಪತ್ತಾಯಿತು (2 ಕೊರಿಂಥ 8:9). ಕ್ರೈಸ್ತರ ದಾನಕ್ಕೆ ಇದೇ ಬುಡ. ನಾವು ಕೊಡುವವರಾಗುವ ಮೊದಲು ಪಡೆದವರು.

ಮನ್ನಾ ಕಲಿಸಿದ ಪಾಠ

ಇಸ್ರಯೇಲರು ಮರುಭೂಮಿಯಲ್ಲಿ ಮನ್ನಾ ಕೂಡಿಸಿಕೊಂಡ ಕಥೆ ವಿಮೋಚನಾಕಾಂಡದ 16ನೇ ಅಧ್ಯಾಯದಲ್ಲಿದೆ. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರಿನಷ್ಟು, ಎಂಬುದು ನಿಯಮ. ಕೆಲವರು ಹೆಚ್ಚು ಕೂಡಿಸಿದರು, ಕೆಲವರು ಕಡಿಮೆ. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಸಬ್ಬತ್ ದಿನಕ್ಕಾಗಿ ಹಿಂದಿನ ದಿನ ಎರಡರಷ್ಟು ಕೂಡಿಸಲು ಮಾತ್ರ ಅನುಮತಿ ಇತ್ತು, ಅದು ಕೆಡಲಿಲ್ಲ.

ನಾಳೆಯ ಬಗ್ಗೆ ಯೋಚಿಸಲೇಬಾರದು ಎಂದು ಇದರ ಅರ್ಥವಲ್ಲ. ಮಕ್ಕಳ ಓದಿಗೆ, ಮುಪ್ಪಿನ ಕಾಲಕ್ಕೆ ಉಳಿಸುವುದು ಜವಾಬ್ದಾರಿಯ ಕೆಲಸ. ಪಕ್ಕದ ಗುಡಾರದಲ್ಲಿ ಹಸಿವಿರುವಾಗ ನಮ್ಮ ಗುಡಾರದಲ್ಲಿ ಕೊಳೆಯುತ್ತಿರುವುದರ ಬಗ್ಗೆ ಮನ್ನಾ ಮಾತನಾಡುತ್ತದೆ.

ದ್ರಾಕ್ಷಿತೋಟದ ಯಜಮಾನ

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದ ಸಾಮತಿಯನ್ನು ಓದಿದಾಗ ಇಂದಿಗೂ ನಮ್ಮಲ್ಲಿ ಅನೇಕರಿಗೆ ಕಸಿವಿಸಿಯಾಗುತ್ತದೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ, ಸಂಜೆ ಐದರ ಹೊತ್ತಿಗೆ ಬಂದವನಿಗೂ ಒಂದೇ ದೆನಾರಿ. ಇದೆಂಥ ನ್ಯಾಯ?

ದೆನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ. ಒಂದು ಕುಟುಂಬ ಒಂದು ದಿನ ಹೊಟ್ಟೆ ತುಂಬಿಸಿಕೊಳ್ಳಲು ಅಷ್ಟು ಬೇಕಿತ್ತು. ಸಂಜೆಯವರೆಗೆ ಸಂತೆಬೀದಿಯಲ್ಲಿ ನಿಂತಿದ್ದವರು ಸೋಮಾರಿಗಳಾಗಿರಲಿಲ್ಲ; ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದು ಅವರೇ ಹೇಳುತ್ತಾರೆ. ಗಂಟೆಯ ಲೆಕ್ಕದಲ್ಲಿ ಕೊಟ್ಟಿದ್ದರೆ ಅವರ ಮಕ್ಕಳು ಅಂದು ಅರೆಹೊಟ್ಟೆಯಲ್ಲಿ ಮಲಗಬೇಕಿತ್ತು. ಯಜಮಾನ ಮೊದಲು ಬಂದವರಿಗೆ ಒಪ್ಪಿದ್ದರಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಲಿಲ್ಲ. ಕೊನೆಗೆ ಬಂದವರಿಗೆ ಅವರ ಮನೆಯ ಅಗತ್ಯ ನೋಡಿ ಕೊಟ್ಟ. ನ್ಯಾಯ ಕೆಡಲಿಲ್ಲ, ಅದರ ಮೇಲೆ ಔದಾರ್ಯ ಸೇರಿತು. ಸಿಟ್ಟು ಬಂದದ್ದು ಇನ್ನೊಬ್ಬನ ಬಟ್ಟಲು ತುಂಬಿದ್ದನ್ನು ನೋಡಿದವರಿಗೆ. ಔದಾರ್ಯದ ದೊಡ್ಡ ಶತ್ರು ಹೊಟ್ಟೆಕಿಚ್ಚು ಎಂದು ಯೇಸುಸ್ವಾಮಿ ಇಲ್ಲಿ ಎಚ್ಚರಿಸುತ್ತಾರೆ.

ಈ ಸಾಮತಿಯ ಪಕ್ಕದಲ್ಲೇ ಇಡಬೇಕಾದ ಒಂದು ಹಳೆಯ ನಿಯಮವಿದೆ. ಬಡ ಕೂಲಿಯಾಳಿನ ಸಂಬಳವನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕು. ಆತ ಸ್ವದೇಶಿಯಾಗಲಿ, ಪರದೇಶಿಯಾಗಲಿ (ಧರ್ಮೋಪದೇಶಕಾಂಡ 24:14-15). ಕೂಲಿ ಬಾಕಿ ಇಟ್ಟುಕೊಂಡು ದೇವಾಲಯಕ್ಕೆ ದೇಣಿಗೆ ಕೊಡುವುದು ಔದಾರ್ಯವಲ್ಲ.

ಹೊಲದ ಅಂಚು ಯಾರದು?

ಹಳೆಯ ಒಡಂಬಡಿಕೆಯಲ್ಲಿ ಕೊಯ್ಲಿನ ಬಗ್ಗೆ ಒಂದು ಅಪರೂಪದ ಕಟ್ಟಳೆಯಿದೆ (ಯಾಜಕಕಾಂಡ 19:9-10, ಧರ್ಮೋಪದೇಶಕಾಂಡ 24:19-22). ಹೊಲದ ಅಂಚಿನವರೆಗೂ ಕೊಯ್ಯಬೇಡಿ. ಬಿದ್ದ ತೆನೆಯನ್ನು ಹಿಂದಿರುಗಿ ಆರಿಸಬೇಡಿ. ಹೊಲದಲ್ಲಿ ಮರೆತ ಸಿವುಡನ್ನು ತರಲು ಮತ್ತೆ ಹೋಗಬೇಡಿ. ಅದು ಬಡವರಿಗೆ, ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ ಸೇರಿದ್ದು.

ಇಲ್ಲಿ ಬಡವರು ಯಾರ ಮನೆ ಬಾಗಿಲಲ್ಲೂ ಕೈ ಚಾಚಿ ನಿಲ್ಲಬೇಕಾಗಿಲ್ಲ. ಅವರು ಹೊಲಕ್ಕೆ ಇಳಿದು, ತಾವೇ ದುಡಿದು, ತಮ್ಮ ಪಾಲನ್ನು ತಾವೇ ಕೊಂಡೊಯ್ಯುತ್ತಾರೆ. ಮೋವಾಬ್ ದೇಶದ ರೂತಳು ಅತ್ತೆ ನವೊಮಿಯನ್ನು ಸಾಕಿದ್ದು ಹೀಗೆಯೇ. ಹೊಲದೊಡೆಯ ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಿವುಡುಗಳಿಂದ ಬೇಕೆಂದೇ ಕೆಲವು ತೆನೆಗಳನ್ನು ಬೀಳಿಸಿ, ಆರಿಸಿಕೊಳ್ಳಲು ಬಿಡಿ, ಆಕೆಯನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳಿದ (ರೂತ್ 2:15-16). ಕೊಟ್ಟದ್ದು ಗೊತ್ತಾಗದ ಹಾಗೆ ಕೊಟ್ಟ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಯೇಸುಸ್ವಾಮಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಈ ರೂತಳ ವಂಶದಲ್ಲೇ ದಾವೀದ ಹುಟ್ಟಿದ. ಯೇಸುವಿನ ವಂಶಾವಳಿಯಲ್ಲೂ ಆಕೆಯ ಹೆಸರಿದೆ (ಮತ್ತಾಯ 1:5).

ಸಂತ ಪೌಲರ ನಿಧಿ ಸಂಗ್ರಹ

ಧರ್ಮಕೇಂದ್ರದಲ್ಲಿ ಹಣ ಕೂಡಿಸುವ ಕೆಲಸ ಅಧ್ಯಾತ್ಮಕ್ಕೆ ಸಂಬಂಧಿಸಿದ್ದಲ್ಲ ಎಂದು ಕೆಲವರು ಭಾವಿಸುತ್ತಾರೆ. ಸಂತ ಪೌಲರು ಹಾಗೆ ತಿಳಿಯಲಿಲ್ಲ. ಜೆರುಸಲೇಮಿನ ಬಡ ಕ್ರೈಸ್ತರಿಗಾಗಿ ಅವರು ಗಲಾತ್ಯ, ಮಕೆದೋನಿಯ ಮತ್ತು ಅಖಾಯ ಪ್ರಾಂತ್ಯಗಳಲ್ಲಿ ಹಲವು ವರ್ಷ ನಿಧಿ ಕೂಡಿಸಿದರು. ಕ್ರಿ.ಶ. 50ರ ದಶಕದ ಈ ಕೆಲಸದ ವಿವರ ಅವರ ನಾಲ್ಕು ಪತ್ರಗಳಲ್ಲಿ ಸಿಗುತ್ತದೆ (ಗಲಾತ್ಯ 2:10, 1 ಕೊರಿಂಥ 16:1-4, 2 ಕೊರಿಂಥ 8-9, ರೋಮ 15:25-28). ಅವರ ವಿಧಾನದಿಂದ ನಾವು ನಾಲ್ಕು ವಿಷಯಗಳನ್ನು ಕಲಿಯಬಹುದು.

ಮೊದಲನೆಯದು, ಕ್ರಮ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಡಬೇಕು. ತಾವು ಬಂದಾಗ ಅವಸರದಲ್ಲಿ ಕೂಡಿಸುವುದು ಬೇಡ ಎಂದರು.

ಎರಡನೆಯದು, ಮನಸ್ಸು. ಕಡುಬಡತನದಲ್ಲಿದ್ದ ಮಕೆದೋನಿಯದವರು, ತಮಗೂ ಪಾಲು ಕೊಡಿ ಎಂದು ಬೇಡಿಕೊಂಡು ಕೊಟ್ಟರು. ವರ್ಷದ ಹಿಂದೆಯೇ ಉತ್ಸಾಹದಿಂದ ಆರಂಭಿಸಿದ್ದ ಕೊರಿಂಥದವರಿಗೆ, ಕೈಗೊಂಡದ್ದನ್ನು ಪೂರೈಸಿ ಎಂದು ಪೌಲರು ನೆನಪಿಸಬೇಕಾಯಿತು.

ಮೂರನೆಯದು, ಗುರಿ. ಒಬ್ಬರಿಗೆ ಹೊರೆ, ಇನ್ನೊಬ್ಬರಿಗೆ ಸುಖ ಆಗಬಾರದು, ಸಮಾನತೆ ಇರಬೇಕು ಎನ್ನುವ ಪೌಲರು ಇಲ್ಲಿ ಮನ್ನಾದ ಕಥೆಯನ್ನೇ ಎತ್ತಿ ತೋರಿಸುತ್ತಾರೆ. ಇಂದು ನಮ್ಮ ಸಮೃದ್ಧಿ ಅವರ ಕೊರತೆಯನ್ನು ತುಂಬುತ್ತದೆ, ನಾಳೆ ಅವರದು ನಮ್ಮದನ್ನು.

ನಾಲ್ಕನೆಯದು, ಲೆಕ್ಕ. ಹಣವನ್ನು ಪೌಲರು ಒಬ್ಬರೇ ಒಯ್ಯಲಿಲ್ಲ. ತೀತನ ಜೊತೆಗೆ ಸಭೆಗಳ ವಿಶ್ವಾಸ ಗಳಿಸಿದ್ದ ಇನ್ನಿಬ್ಬರು ಸಹೋದರರನ್ನು ಕೊರಿಂಥಕ್ಕೆ ಕಳುಹಿಸಿದರು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು, ದೇವರ ಮುಂದೆ ಮಾತ್ರವಲ್ಲ ಜನರ ಮುಂದೆಯೂ ವ್ಯವಹಾರ ಸರಿಯಾಗಿ ಕಾಣಬೇಕು ಎಂಬುದು ಅವರ ಕಾಳಜಿಯಾಗಿತ್ತು (2 ಕೊರಿಂಥ 8:20-21).

ಪರಂಪರೆಯ ಸಾಕ್ಷಿಗಳು

ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿ ಸಂತ ಜಸ್ಟಿನ್ ಭಾನುವಾರದ ಆರಾಧನೆಯನ್ನು ವರ್ಣಿಸಿದ್ದಾರೆ. ಆಗಲೇ ಕಾಣಿಕೆ ಎತ್ತುವ ಪದ್ಧತಿ ಇತ್ತು. ಅನುಕೂಲವಿದ್ದವರು ಇಷ್ಟಪಟ್ಟಷ್ಟು ಕೊಡುತ್ತಿದ್ದರು. ಸಭೆಯ ಮುಖ್ಯಸ್ಥರು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು ಮತ್ತು ಪರವೂರಿನಿಂದ ಬಂದವರನ್ನು ನೋಡಿಕೊಳ್ಳುತ್ತಿದ್ದರು. ಬಲಿಪೀಠ ಮತ್ತು ಬಡವರ ನಡುವೆ ಆಗ ಅಂತರವಿರಲಿಲ್ಲ.

ನಾಲ್ಕನೆಯ ಶತಮಾನದಲ್ಲಿ ಸಂತ ಬೆಸಿಲ್ ಸಿಸೇರಿಯ ಪಟ್ಟಣದ ಹೊರಗೆ ರೋಗಿಗಳು, ಪ್ರವಾಸಿಗಳು ಮತ್ತು ಕುಷ್ಠರೋಗಿಗಳಿಗಾಗಿ ದೊಡ್ಡ ಆಶ್ರಯ ಕಟ್ಟಿಸಿದರು. ಕ್ರೈಸ್ತ ಧರ್ಮವನ್ನು ವಿರೋಧಿಸಿದ ಚಕ್ರವರ್ತಿ ಜೂಲಿಯನ್ (ಆಳ್ವಿಕೆ 361-363) ಕೂಡ, ಈ ಜನ ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ಸಾಕುತ್ತಾರೆ ಎಂಬ ಅರ್ಥದಲ್ಲಿ ಪತ್ರ ಬರೆದು ತನ್ನವರನ್ನು ನಾಚಿಸಿದ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಮ್ ಮತ್ತು ಗೆಳೆಯರು ಆರಂಭಿಸಿದ ಸಣ್ಣ ಕೂಟವೇ ಇಂದು ನಮ್ಮ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದಿ ಪೌಲ್ ಸಭೆ. ಓಜಾನಮರನ್ನು 1997ರಲ್ಲಿ ಎರಡನೆಯ ಜಾನ್ ಪೌಲರು ಪುನೀತರೆಂದು ಘೋಷಿಸಿದರು. ಈ ಸಭೆಯ ಎರಡು ಪದ್ಧತಿಗಳನ್ನು ಗಮನಿಸಬೇಕು. ಸದಸ್ಯರು ಬಡವರನ್ನು ಕಚೇರಿಗೆ ಕರೆಸದೆ ತಾವೇ ಅವರ ಮನೆಗೆ ಹೋಗುತ್ತಾರೆ. ಸಭೆ ಸೇರಿದಾಗ ಗುಪ್ತ ಚೀಲವೊಂದು ಸುತ್ತು ಬರುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಕರಾವಳಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರರನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ಜರ್ಮನಿಯಿಂದ ಬಂದ ಈ ಯೇಸುಸಭೆಯ ಗುರು 1878ರ ಕೊನೆಗೆ ಮಂಗಳೂರು ತಲುಪಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ, ಮನೆಮಂದಿಯೂ ದೂರ ಇಟ್ಟಿದ್ದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1910ರಲ್ಲಿ ಅವರು ತೀರಿಕೊಂಡರು. ಒಂದು ಔಷಧದ ಪೆಟ್ಟಿಗೆಯ ಆ ಕೆಲಸ ಇಂದು ದೊಡ್ಡ ಆಸ್ಪತ್ರೆಯಾಗಿ ನಮ್ಮ ಕಣ್ಣ ಮುಂದಿದೆ.

ಧರ್ಮಸಭೆಯ ಬೋಧನೆ ಮತ್ತು ಕಾನೂನು

ಭೂಮಿಯ ಸಂಪತ್ತನ್ನು ದೇವರು ಇಡೀ ಮಾನವಕುಲಕ್ಕಾಗಿ ಕೊಟ್ಟರು; ಖಾಸಗಿ ಆಸ್ತಿಯ ಹಕ್ಕು ಈ ಮೂಲ ಉದ್ದೇಶವನ್ನು ಅಳಿಸುವುದಿಲ್ಲ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕಲಿಸುತ್ತದೆ (2402-2403). ಬಡವರ ಮೇಲಿನ ಪ್ರೀತಿ ಮತ್ತು ಕರುಣೆಯ ಕಾರ್ಯಗಳ ವಿವರ 2443ರಿಂದ 2449ರ ವರೆಗಿನ ಪರಿಚ್ಛೇದಗಳಲ್ಲಿದೆ. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದು ಎಂಬ ಎಚ್ಚರಿಕೆಯೂ ಅಲ್ಲಿದೆ.

1983ರ ಧರ್ಮಸಭೆಯ ಕಾನೂನು ಸಂಹಿತೆಯ ಕೆಲವು ಅಂಶಗಳು ಪಾಲನಾ ಮಂಡಳಿಯ ಸದಸ್ಯರಿಗೆ ತಿಳಿದಿರಲಿ. ತಮ್ಮ ಸಂಪಾದನೆಯಿಂದ ಬಡವರಿಗೆ ನೆರವಾಗುವುದು ಎಲ್ಲ ವಿಶ್ವಾಸಿಗಳ ಕರ್ತವ್ಯ (222). ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿ ಇರಬೇಕು (537). ಧರ್ಮಸಭೆಯ ಆಸ್ತಿಯ ಉದ್ದೇಶಗಳಲ್ಲಿ ಆರಾಧನೆ ಮತ್ತು ಗುರುಗಳ ಜೀವನೋಪಾಯದ ಜೊತೆಗೆ ಬಡವರ ಸೇವೆಯೂ ಇದೆ (1254). ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು (1267). ವಿಶ್ವಾಸಿಗಳು ಕೊಟ್ಟ ಹಣದ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕು (1287). ಪೌಲರು ಇಬ್ಬರು ಸಹೋದರರನ್ನು ಜೊತೆಗೆ ಕಳುಹಿಸಿದ ಕಾಳಜಿಯೇ ಇಲ್ಲಿ ಕಾನೂನಾಗಿದೆ.

ಪೋಪ್ ಫ್ರಾನ್ಸಿಸರ ಆಶಯದಂತೆ 2017ರಿಂದ ಪ್ರತಿವರ್ಷ ಸಾಧಾರಣ ಕಾಲದ 33ನೇ ಭಾನುವಾರವನ್ನು ಬಡವರ ವಿಶ್ವ ದಿನವಾಗಿ ಆಚರಿಸಲಾಗುತ್ತದೆ. ಅವರು ಆರಂಭಿಸಿದ್ದ ಬರಹವೊಂದನ್ನು ಪೋಪ್ ಹದಿನಾಲ್ಕನೆಯ ಲಿಯೊ ಪೂರ್ಣಗೊಳಿಸಿ, ಬಡವರ ಮೇಲಿನ ಪ್ರೀತಿಯ ಕುರಿತ 'ದಿಲೆಕ್ಸಿ ತೆ' ಎಂಬ ಪ್ರಬೋಧನೆಯಾಗಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು.

ನಮ್ಮ ಮನೆಯ ತೆನೆ

ಇಷ್ಟನ್ನೂ ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯನ್ನು ದೇವಾಲಯದಲ್ಲಿ ಎಲ್ಲರಿಗೂ ಹಂಚಲಾಗುತ್ತದೆ. ಹತ್ತು ಎಕರೆ ಇದ್ದವರ ಮನೆಗೂ, ಬಾಡಿಗೆ ಕೋಣೆಯವರ ಮನೆಗೂ ಹೋಗುವುದು ಅದೇ ತೆನೆ. ಮನೆಯಲ್ಲಿ ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರೂ ಒಟ್ಟಾಗಿ ಸೇವಿಸುತ್ತೇವೆ. ದೂರದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಕಳುಹಿಸುವವರೂ ಇದ್ದಾರೆ. ಗದ್ದೆಗಳು ಕಡಿಮೆಯಾದರೂ ಹಬ್ಬ ಉಳಿದಿದೆ. ಮನ್ನಾದ ಅಳತೆಯೇ ಈ ತೆನೆಯ ಅಳತೆ. ಅಂದು ಒಂದು ದಿನ ನಾವೆಲ್ಲ ಸಮಾನವಾಗಿ ಪಡೆಯುವವರು. ಉಳಿದ 364 ದಿನಗಳ ಮಾತೇನು ಎಂಬುದೇ ಪ್ರಶ್ನೆ.

ನಾವು ಏನು ಮಾಡಬಹುದು?

1. ಮೊದಲು ತೆಗೆದಿಡೋಣ. ಖರ್ಚಾಗಿ ಉಳಿದದ್ದನ್ನು ಕೊಡುವ ಬದಲು, ಸಂಬಳ ಬಂದ ದಿನವೇ ಬಡವರ ಪಾಲನ್ನು ಬೇರೆಯಾಗಿ ಇಡಬಹುದು. ಮೊತ್ತ ಚಿಕ್ಕದಾದರೂ ಸರಿ. ಬಡ ವಿಧವೆ ಹಾಕಿದ ಎರಡು ಕಾಸು (ಮಾರ್ಕ 12:41-44) ದಿನಗೂಲಿಯ 64ರಲ್ಲಿ ಒಂದು ಭಾಗ. ಇಂದು ದಿನಗೂಲಿ 640 ರೂಪಾಯಿ ಎಂದುಕೊಂಡರೆ ಆಕೆ ಹಾಕಿದ್ದು 10 ರೂಪಾಯಿ. ಆಕೆಯ ಬಳಿ ಇದ್ದದ್ದೇ ಅಷ್ಟು.

2. ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡೋಣ. ಮನೆಗೆಲಸದವರು, ತೋಟದ ಆಳುಗಳು, ದೇವಾಲಯದ ಕಟ್ಟಡ ಕೆಲಸದವರು ಎಲ್ಲರಿಗೂ ಇದು ಅನ್ವಯಿಸುತ್ತದೆ.

3. ಪಡೆಯುವವರ ಮಾನ ಕಾಪಾಡೋಣ. ಅಕ್ಕಿಚೀಲ ಹಿಡಿಸಿ ಫೋಟೋ ತೆಗೆಸುವುದು, ನೆರವು ಪಡೆದವರ ಹೆಸರನ್ನು ಎಲ್ಲರೆದುರು ಓದುವುದು ಬೇಡ. ಊರಲ್ಲಿ ಮರ್ಯಾದೆ ಹೋದೀತೆಂದು ಔಷಧವಿಲ್ಲದೆ ಸುಮ್ಮನಿರುವ, ಮಗಳ ಕಾಲೇಜು ಬಿಡಿಸುವ ಕುಟುಂಬಗಳು ನಮ್ಮ ನಡುವೆ ಇರಬಹುದು. ಗುರಿಕಾರರು ಗುಟ್ಟಾಗಿ ವಿಗಾರರ ಗಮನಕ್ಕೆ ತಂದು, ಶುಲ್ಕವನ್ನೋ ಬಿಲ್ಲನ್ನೋ ನೇರವಾಗಿ ತುಂಬುವ ವ್ಯವಸ್ಥೆ ಮಾಡಿದರೆ ಬೋವಜನ ತೆನೆಯಂತೆ ನೆರವು ತಲುಪುತ್ತದೆ.

4. ಹಬ್ಬದ ಬಜೆಟ್ಟಿನಲ್ಲಿ ಅಂಚು ಬಿಡೋಣ. ವಾರ್ಷಿಕ ಹಬ್ಬ, ಮದುವೆ, ಜ್ಯೂಬಿಲಿಯ ಖರ್ಚಿನ ಪಟ್ಟಿ ಬರೆಯುವಾಗ ಬಡವರ ಪಾಲನ್ನು ಮೊದಲ ಸಾಲಿನಲ್ಲೇ ಬರೆಯಬಹುದು.

5. ಸಮಯವನ್ನೂ ಕೊಡೋಣ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಹಣದ ಕೊರತೆ ಇಲ್ಲದಿರಬಹುದು. ಅವರಿಗೆ ಬೇಕಾದದ್ದು ಅರ್ಧ ಗಂಟೆಯ ಮಾತು, ಜೊತೆಗೊಂದು ಜಪಸರ.

6. ಪರದೇಶಿಯನ್ನು ಮರೆಯದಿರೋಣ. ಒಡಿಶಾ, ಜಾರ್ಖಂಡ್, ಬಿಹಾರಗಳಿಂದ ಬಂದು ಬಂದರು ಮತ್ತು ಕಟ್ಟಡಗಳಲ್ಲಿ ದುಡಿಯುವವರು ನಮ್ಮ ಕಾಲದ ರೂತಳಂಥವರು. ಸಹಾಯ ಮಾಡುವಾಗ ಜಾತಿ, ಧರ್ಮ, ಭಾಷೆ ಕೇಳುವುದು ಬೇಡ. ಮಳೆ ಕೇಳುವುದಿಲ್ಲ.

7. ಲೆಕ್ಕ ಮುಂದಿಡೋಣ. ಬಡವರ ನಿಧಿಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬ ಮೊತ್ತವನ್ನು ನೆರವು ಪಡೆದವರ ಹೆಸರಿಲ್ಲದೆ ಪ್ರಕಟಿಸಿದರೆ ಕೊಡುವವರ ವಿಶ್ವಾಸ ಬೆಳೆಯುತ್ತದೆ.

8. ಪಡೆಯಲೂ ಕಲಿಯೋಣ. ಇಂದು ಕೊಡುವವರು ನಾಳೆ ಕಾಯಿಲೆಯಲ್ಲಿ, ಸಾಲದಲ್ಲಿ, ಮುಪ್ಪಿನಲ್ಲಿ ಪಡೆಯುವವರಾಗಬಹುದು. ಅದು ಅವಮಾನವಲ್ಲ. ಬಲಿಪೂಜೆಯಲ್ಲಿ ಪರಮ ಪ್ರಸಾದಕ್ಕಾಗಿ ನಾವೆಲ್ಲರೂ ಒಂದೇ ಸಾಲಿನಲ್ಲಿ ನಿಂತು, ಖಾಲಿ ಕೈ ಒಡ್ಡಿ ಸ್ವೀಕರಿಸುತ್ತೇವೆ. ಅಲ್ಲಿ ದಾನಿಗಳಿಗೆ ಬೇರೆ ಸಾಲಿಲ್ಲ.

ಆತ್ಮೀಯರೇ, ಮುಂದಿನ ವಾಳೆ ಸಭೆಯಲ್ಲಿ ಈ ಎಂಟರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ಈ ವರ್ಷವೇ ಆರಂಭಿಸಬಹುದು. ಎಲ್ಲವನ್ನೂ ಒಮ್ಮೆಗೇ ಮಾಡಲಾಗದು, ಒಂದನ್ನು ಖಂಡಿತ ಮಾಡಬಹುದು. ನಮ್ಮ ದೋಣಿಯನ್ನು ತುಂಬಿದ ಸ್ವಾಮಿ, ಪಕ್ಕದ ದೋಣಿಯವರನ್ನು ಕರೆಯುವ ಮನಸ್ಸನ್ನೂ ನಮಗೆ ದಯಪಾಲಿಸಲಿ.